ಬೆಳದಿಂಗಳಲ್ಲಿ ಗದ್ದೆ ಬಯಲಿನ ಫೋಟೊ: ಯಾವ ತಿಥಿ, ಎಷ್ಟು ಎಕ್ಸ್‌ಪೋಷರ್, ಎಲ್ಲಿ ನಿಲ್ಲೋದು? (ಮಂಡ್ಯ-ಮೈಸೂರು ಕಡೆಯವರಿಗೆ)

ಹೊಸಲೆನ್ಸು

ಎಲ್ಲರಿಗೂ ನಮಸ್ಕಾರ. ಫ್ಲಾಶ್ ಇಲ್ಲದೆ, ಬರೀ ಬೆಳದಿಂಗಳಲ್ಲಿ ಗದ್ದೆ, ಕೆರೆ, ಬೆಟ್ಟ ತೆಗೆಯಬೇಕು ಅಂತ ಆಸೆ. ಕೈಯಲ್ಲಿರೋದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ, 18-55 ಕಿಟ್ ಲೆನ್ಸು, ಸುಮಾರಾದ ಟ್ರೈಪಾಡು. ಮೂರು ಪ್ರಶ್ನೆ:

1. ಹುಣ್ಣಿಮೆ ದಿನವೇ ಹೋಗಬೇಕಾ?
2. ಕ್ಯಾಮೆರಾದ ಮೀಟರ್ ಸುಮ್ಮನೆ ಮಿನುಗುತ್ತೆ, ಏನೂ ಹೇಳಲ್ಲ. ಎಕ್ಸ್‌ಪೋಷರ್ ಹೇಗೆ ಲೆಕ್ಕ ಹಾಕೋದು?
3. ಬಂದ ಚಿತ್ರ ಮೋಡ ಮುಸುಕಿದ ಹಗಲಿನ ಹಾಗೆ ಕಾಣುತ್ತೆ. ರಾತ್ರಿ ಅನ್ನಿಸೋದೇ ಇಲ್ಲ. ಯಾಕೆ?

ಪಾಂಡವಪುರ, ಮೇಲುಕೋಟೆ ಕಡೆ ಹೋಗಿಬರೋಕೆ ಅನುಕೂಲ ಇದೆ.

ಶುಕ್ಲಪಕ್ಷ

ಮೊದಲನೇ ಪ್ರಶ್ನೆಗೆ ನನ್ನ ಉತ್ತರ: ಹುಣ್ಣಿಮೆ ಬಿಟ್ಟುಬಿಡಿ. ಹುಣ್ಣಿಮೆಯಲ್ಲಿ ಬೆಳಕು ಜಾಸ್ತಿ ನಿಜ, ಆದರೆ ಆಕಾಶವೂ ಬೆಳ್ಳಗಾಗಿ ನಕ್ಷತ್ರಗಳು ತೊಳೆದುಹೋಗುತ್ತವೆ. ಶುಕ್ಲ ದಶಮಿಯಿಂದ ತ್ರಯೋದಶಿವರೆಗಿನ ನಾಲ್ಕು ರಾತ್ರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಅರ್ಧ ಚಂದ್ರ ಅಂದರೆ ಅರ್ಧ ಬೆಳಕು ಅಂತ ಬಹಳ ಜನ ಲೆಕ್ಕ ಹಾಕ್ತಾರೆ. ಹಾಗಲ್ಲ. ಅಷ್ಟಮಿ ಚಂದ್ರನ ಬೆಳಕು ಪೂರ್ಣಚಂದ್ರನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆಯೇ. ಹುಣ್ಣಿಮೆಯಲ್ಲಿ ಸೂರ್ಯನ ಬೆಳಕು ನಮ್ಮ ಬೆನ್ನ ಕಡೆಯಿಂದ ನೇರ ಹೋಗಿ ಚಂದ್ರನ ಮೇಲೆ ಬೀಳುತ್ತೆ, ಅಲ್ಲಿನ ಕುಳಿ ದಿಬ್ಬಗಳ ನೆರಳು ನಮಗೆ ಕಾಣಲ್ಲ. ಅಷ್ಟಮಿಯಲ್ಲಿ ಬೆಳಕು ಪಕ್ಕದಿಂದ ಬೀಳೋದರಿಂದ ಬೆಳಗಿದ ಅರ್ಧದಲ್ಲೂ ನೆರಳೇ ತುಂಬಿರುತ್ತೆ. ಸ್ಟಾಪ್ ಲೆಕ್ಕದಲ್ಲಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗೋದು ಅಥವಾ ಎರಡರಷ್ಟು ಆಗೋದು) ಹೇಳೋದಾದರೆ, ಹುಣ್ಣಿಮೆಗೆ ಹೋಲಿಸಿದರೆ ತ್ರಯೋದಶಿ ಸುಮಾರು 1 ಸ್ಟಾಪ್ ಕಡಿಮೆ, ಏಕಾದಶಿ 2 ಸ್ಟಾಪ್, ಅಷ್ಟಮಿ 3.5 ಸ್ಟಾಪ್. ಕೃಷ್ಣಪಕ್ಷದಲ್ಲೂ ಇದೇ ಲೆಕ್ಕ ತಲೆಕೆಳಗಾಗಿ ನಡೆಯುತ್ತೆ.

ಆ್ಯಪ್ ಬೇಕಾಗಿಲ್ಲ, ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ಒಂದು ತಿಥಿ ಅಂದರೆ ಸೂರ್ಯ ಚಂದ್ರರ ನಡುವೆ 12 ಡಿಗ್ರಿ ಅಂತರ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತೆ. ಹಾಗಾಗಿ ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡ. ಅಷ್ಟಮಿ ಚಂದ್ರ ಸಂಜೆಗೇ ನೆತ್ತಿಯ ಹತ್ತಿರ ಇದ್ದು ನಡುರಾತ್ರಿ ಹೊತ್ತಿಗೆ ಮುಳುಗ್ತಾನೆ. ಏಕಾದಶಿಯವನು ಬೆಳಗಿನ ಜಾವ ಎರಡೂವರೆ ಆಸುಪಾಸು.

ಇನ್ನೊಂದು ಒಳ್ಳೆ ದಿನ ಸಂಕಷ್ಟ ಚತುರ್ಥಿ. ಅವತ್ತಿನ ಚಂದ್ರೋದಯದ ಸಮಯ ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತೆ, ಹೆಚ್ಚಾಗಿ ರಾತ್ರಿ ಎಂಟರಿಂದ ಹತ್ತರ ಒಳಗೆ. ಕತ್ತಲಾದ ಮೇಲೆ ಚಂದ್ರ ಬರೋವರೆಗೆ ಸಾಮಾನ್ಯವಾಗಿ ಒಂದು ಗಂಟೆ ಆಸುಪಾಸು ಪೂರ್ತಿ ಕಪ್ಪು ಆಕಾಶ ಸಿಗುತ್ತೆ. ಕ್ಯಾಮೆರಾ ಕದಲಿಸದೆ ಆಗ ನಕ್ಷತ್ರ ತೆಗೆದು, ಚಂದ್ರ ಮೇಲೆ ಬಂದಮೇಲೆ ಅದೇ ಫ್ರೇಮಿನಲ್ಲಿ ನೆಲ ತೆಗೆದು, ಆಮೇಲೆ ಎರಡನ್ನೂ ಸೇರಿಸಬಹುದು. ಉಪವಾಸ ಮಾಡೋರಿಗೂ ನಮಗೂ ಅವತ್ತು ಕಾಯೋದು ಒಬ್ಬನಿಗೇ.

ಡಾರ್ಕ್‌ಫ್ರೇಮ್

ಎರಡನೇ ಪ್ರಶ್ನೆ. ಮೀಟರ್ ನಂಬಬೇಡಿ. ಈ ಒಂದು ಸಾಲು ನೆನಪಿಟ್ಟುಕೊಳ್ಳಿ:

ಹುಣ್ಣಿಮೆ, ಚಂದ್ರ ಮೇಲೆ ಚೆನ್ನಾಗಿ ಏರಿದ್ದಾನೆ, ಮೋಡ ಇಲ್ಲ: ಎಫ್ 4, ಐಎಸ್‌ಒ 400, 30 ಸೆಕೆಂಡ್.

ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಐಎಸ್‌ಒ ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ. ಉಳಿದದ್ದೆಲ್ಲ ಇದರಿಂದಲೇ ಬರುತ್ತೆ. ತ್ರಯೋದಶಿಗೆ ಐಎಸ್‌ಒ 800. ಏಕಾದಶಿಗೆ 1600. ಅಷ್ಟಮಿಗೆ ಎಫ್ 2.8 ಲೆನ್ಸು ಇದ್ದರೆ ಐಎಸ್‌ಒ 1600ರಲ್ಲಿ 45 ಸೆಕೆಂಡ್, ಇಲ್ಲದಿದ್ದರೆ ಎಫ್ 4ರಲ್ಲಿ ಒಂದೂವರೆ ನಿಮಿಷ. ಚಂದ್ರ 20 ಡಿಗ್ರಿಗಿಂತ ಕೆಳಗಿದ್ದರೆ ಇನ್ನೂ ಒಂದು ಸ್ಟಾಪ್ ಸೇರಿಸಿ. ಗಾಳಿಯ ದಪ್ಪ ಪದರ ದಾಟಿ ಬರೋದರಿಂದ ಬೆಳಕು ಕಡಿಮೆ, ಬಣ್ಣವೂ ಹಳದಿ.

ಸ್ಥಳದಲ್ಲಿ ಪರೀಕ್ಷೆಗೆ ಪ್ರತಿಸಲ ಅರ್ಧ ನಿಮಿಷ ಕಾಯಬೇಡಿ. ಐಎಸ್‌ಒ 6400ಕ್ಕೆ ಏರಿಸಿ 2 ಸೆಕೆಂಡಿನ ಒಂದು ಶಾಟ್ ತೆಗೀರಿ. ಫ್ರೇಮ್ ಸೊಟ್ಟಗಿದೆಯಾ, ಫೋಕಸ್ ಸರಿ ಇದೆಯಾ, ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸೋ ನಕ್ಷೆ) ಎಲ್ಲಿ ನಿಂತಿದೆ, ಎಲ್ಲಾ ಗೊತ್ತಾಗುತ್ತೆ. 6400ರಲ್ಲಿ ಎಷ್ಟು ಸೆಕೆಂಡೋ 100ರಲ್ಲಿ ಅಷ್ಟೇ ನಿಮಿಷ. ಅಂದರೆ 6400ರಲ್ಲಿ 2 ಸೆಕೆಂಡ್ ಸರಿಹೋದರೆ 400ರಲ್ಲಿ 30 ಸೆಕೆಂಡ್, 100ರಲ್ಲಿ 2 ನಿಮಿಷ. ಅಷ್ಟೇ.

ನಿಮ್ಮ ಕಿಟ್ ಲೆನ್ಸನ್ನ 18ರಲ್ಲಿ ಎಫ್ 3.5ಕ್ಕೆ ಬಿಟ್ಟು ತೆಗೀರಿ. ಮೂಲೆಗಳು ಸ್ವಲ್ಪ ಮೆತ್ತಗೆ ಬರ್ತವೆ, ಪರವಾಗಿಲ್ಲ.

ಹೊಸಲೆನ್ಸು

@ಡಾರ್ಕ್‌ಫ್ರೇಮ್ ಸಾರ್, 30 ಸೆಕೆಂಡಿಗೆ ನಕ್ಷತ್ರ ಗೆರೆ ಎಳೆಯಲ್ವಾ?

ಡಾರ್ಕ್‌ಫ್ರೇಮ್

ಎಳೆಯುತ್ತೆ. 500ನ್ನ ಫೋಕಲ್ ಲೆಂತ್‌ನಿಂದ ಭಾಗಿಸಿ. ಫುಲ್ ಫ್ರೇಮಿನಲ್ಲಿ 24 ಎಂಎಂಗೆ 20 ಸೆಕೆಂಡ್. ನಿಮ್ಮದು ಕ್ರಾಪ್, 18ನ್ನ 1.5ರಿಂದ ಗುಣಿಸಿದರೆ 27, ಹಾಗಾಗಿ 18 ಸೆಕೆಂಡ್ ಆಸುಪಾಸು. ದೊಡ್ಡ ಪ್ರಿಂಟ್ ಹಾಕಿಸೋದಾದರೆ ಅದರಲ್ಲೂ ಕಾಲುಭಾಗ ಕಡಿಮೆ ಮಾಡಿ.

ಇನ್ನೊಂದು ವಿಷಯ. ಈ ಲೆಕ್ಕ ಪೂರ್ವ, ಪಶ್ಚಿಮ, ನೆತ್ತಿಯ ನಕ್ಷತ್ರಗಳಿಗೆ. ಉತ್ತರಕ್ಕೆ ಧ್ರುವದ ಕಡೆ ಮುಖ ಮಾಡಿದರೆ ಅಲ್ಲಿ ಚಲನೆ ನಿಧಾನ, 30-40 ಸೆಕೆಂಡ್ ಧಾರಾಳವಾಗಿ ತಡೆಯುತ್ತೆ.

ನಮ್ಮ ಕಡೆ ಧ್ರುವ ನಕ್ಷತ್ರ ದಿಗಂತದಿಂದ ಬರೀ 12 ಡಿಗ್ರಿ ಮೇಲಿರುತ್ತೆ. ಎದುರಿಗೆ ತೆಂಗಿನ ತೋಟ ಇದ್ದರೆ ಮುಗೀತು, ಕಾಣೋದೇ ಇಲ್ಲ. ಉತ್ತರ ದೇಶದವರು ತೆಗೆದ ಪೂರ್ತಿ ಚಕ್ರದ ಸ್ಟಾರ್ ಟ್ರೇಲ್ (ನಕ್ಷತ್ರದ ಗೆರೆಗಳ ಚಿತ್ರ) ನೋಡಿ ಅದೇ ಇಲ್ಲೂ ಬರುತ್ತೆ ಅಂದುಕೊಳ್ಳಬೇಡಿ. ಚಕ್ರದ ಬಹುಪಾಲು ನೆಲದ ಕೆಳಗೆ ಹೋಗುತ್ತೆ, ಕಮಾನು ಮಾತ್ರ ಸಿಗುತ್ತೆ. ಪೂರ್ವಕ್ಕೆ ತಿರುಗಿದರೆ ಗೆರೆಗಳು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಏಳ್ತವೆ. ನನ್ನ ಪ್ರಕಾರ ತೆಂಗಿನ ಸಾಲಿನ ಮೇಲೆ ಅದೇ ಚೆಂದ.

ನಾಲೆಏರಿ

ಮೂರನೇ ಪ್ರಶ್ನೆಗೆ ನಾನು ಹೇಳ್ತೀನಿ ಕಣಣ್ಣ. ಹಗಲಿನ ಥರ ಕಾಣೋದಕ್ಕೆ ಕಾರಣ ಎರಡು.

ಒಂದು, ಕತ್ತಲಲ್ಲಿ ನಿಂತು ಕ್ಯಾಮೆರಾ ಪರದೆ ನೋಡ್ತೀವಿ. ಕಣ್ಣು ಕತ್ತಲಿಗೆ ಒಗ್ಗಿರ್ತದೆ, ಪರದೆ ಪ್ರಖರವಾಗಿ ಕಾಣ್ತದೆ. ಅದನ್ನ ನೋಡಿ ಎಕ್ಸ್‌ಪೋಷರ್ ಇಳಿಸಿದರೆ ಮನೆಗೆ ಬಂದಾಗ ಚಿತ್ರ ಇದ್ದಿಲು. ಅದೇ ಭಯಕ್ಕೆ ಏರಿಸಿದರೆ ಹಗಲು. ಪರದೆಯ ಬ್ರೈಟ್‌ನೆಸ್ ಅತಿ ಕಮ್ಮಿಗೆ ಇಳಿಸಿ, ಬರೀ ಹಿಸ್ಟೋಗ್ರಾಮ್ ನೋಡಿ. ಗುಡ್ಡೆ ಎಡಗಡೆ ಮೂರನೇ ಒಂದು ಭಾಗದಲ್ಲಿ ನಿಲ್ಲಬೇಕು, ಎಡಗೋಡೆಗೆ ಅಂಟಬಾರದು, ನಡುವಿಗೂ ಬರಬಾರದು.

ಎರಡು, ನೆರಳು ಇಲ್ಲದ ಬೆಳಕು. ಚಂದ್ರ ಬೆನ್ನ ಹಿಂದೆ ಇದ್ದರೆ ಬದು, ಬಂಡೆ, ಮೆದೆ ಎಲ್ಲಾ ಚಪ್ಪಟೆ. ಪಕ್ಕದಿಂದ ಬರಬೇಕು. ಎಡಕ್ಕೋ ಬಲಕ್ಕೋ 60ರಿಂದ 90 ಡಿಗ್ರಿ. ಆವಾಗ ತೆವರಿ ಒಂದೊಂದೂ ಗೆರೆ ಎಳೆದಂಗೆ ಎದ್ದು ಕಾಣ್ತದೆ.

ಚಂದ್ರ ಎಷ್ಟು ಎತ್ತರ ಇರಬೇಕು ಅಂತ ಅಳೆಯೋಕೆ ನಿಮ್ಮ ನೆರಳನ್ನೇ ನೋಡ್ಕಳಿ. ನೆರಳು ನಿಮ್ಮಷ್ಟೇ ಉದ್ದ ಇದ್ದರೆ ಚಂದ್ರ 45 ಡಿಗ್ರಿ. ನಿಮ್ಮ ಎರಡರಷ್ಟು ಇದ್ದರೆ 27 ಹತ್ತಿರ. ಈ ಎರಡರ ನಡುವೆ ಇರೋ ಹೊತ್ತೇ ಕೆಲಸದ ಹೊತ್ತು. ನೆರಳು ಕಾಲಡಿಗೆ ಬಂತು ಅಂದ್ರೆ ಫ್ಲಾಸ್ಕ್ ತೆಗೆದು ಟೀ ಕುಡೀರಿ.

ಶುಕ್ಲಪಕ್ಷ

@ನಾಲೆಏರಿ ಅವರ ಮಾತಿಗೆ ಒಂದು ಸೇರಿಕೆ. ಮಾರ್ಗಶಿರ, ಪುಷ್ಯದ ಹುಣ್ಣಿಮೆ ಚಂದ್ರ ಇಲ್ಲಿ ನಡುರಾತ್ರಿ ಹೊತ್ತಿಗೆ ನೆತ್ತಿಯ ಸಮೀಪಕ್ಕೇ ಬರ್ತಾನೆ. ಆ ತಿಂಗಳುಗಳಲ್ಲಿ ರಾತ್ರಿ ಹತ್ತೂವರೆಯಿಂದ ಎರಡರವರೆಗೆ ಬೆಳಕಿದ್ದರೂ ಚಿತ್ರ ಇಲ್ಲ. ಚಂದ್ರ ಹುಟ್ಟಿ ಎರಡರಿಂದ ಮೂರು ಗಂಟೆ ಒಳಗೆ, ಇಲ್ಲವೇ ಮುಳುಗೋಕೆ ಮೂರು ಗಂಟೆ ಮುಂಚಿನಿಂದ. ಬೇಸಿಗೆ ಕಡೆಗೆ ಹುಣ್ಣಿಮೆ ಚಂದ್ರ ದಕ್ಷಿಣಕ್ಕೆ ವಾಲ್ತಾನೆ, ಆಗ ನಡುರಾತ್ರಿಯಲ್ಲೂ ಉತ್ತರ ದಿಕ್ಕಿಗೆ ನೆರಳು ಸಿಗುತ್ತೆ.

ಬಾಳೆಎಲೆ

ನೀಲಿ ಬಣ್ಣದ ವಿಷಯ ಯಾರೂ ಹೇಳಲಿಲ್ಲ. ಬೆಳದಿಂಗಳು ನಿಜಕ್ಕೆ ನೀಲಿ ಅಲ್ಲ. ಚಂದ್ರನ ಮೇಲೆ ಬಿದ್ದು ವಾಪಸು ಬರೋ ಬಿಸಿಲೇ ಅದು, ಬಿಸಿಲಿಗಿಂತ ಸ್ವಲ್ಪ ಬೆಚ್ಚಗೇ ಇರುತ್ತೆ, ಬೆಳಕಿನ ಬಣ್ಣದ ಅಳತೆಯಲ್ಲಿ 4100 ಕೆಲ್ವಿನ್ ಸುತ್ತಮುತ್ತ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನ ಮೊದಲು ಕಳೆದುಕೊಳ್ಳುತ್ತೆ, ಅದಕ್ಕೆ ನಮಗೆ ನೀಲಿಯಾಗಿ ಕಾಣುತ್ತೆ. ಕ್ಯಾಮೆರಾಗೆ ಆ ತೊಂದರೆ ಇಲ್ಲ. ಡೇಲೈಟ್ ವೈಟ್ ಬ್ಯಾಲೆನ್ಸ್ (ಹಗಲಿನ ಬಣ್ಣದ ಹೊಂದಾಣಿಕೆ) ಇಟ್ಟರೆ ಗದ್ದೆ ಹಸಿರು ಹಸಿರಾಗೇ ಬರುತ್ತೆ, ಆಕಾಶ ಹಗಲಿನ ನೀಲಿ. ಹಗಲಿನಂತೆ ಕಾಣೋದಕ್ಕೆ ಇದು ಮೂರನೇ ಕಾರಣ.

ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆದು ಆಮೇಲೆ ವೈಟ್ ಬ್ಯಾಲೆನ್ಸನ್ನ 3800ರಿಂದ 4200ರ ನಡುವೆ ಇಳಿಸಿ. ಅದಕ್ಕೂ ಕೆಳಗೆ ಹೋದರೆ ಹಳೇ ಸಿನಿಮಾದ ರಾತ್ರಿ ದೃಶ್ಯ ಆಗುತ್ತೆ, ದಯವಿಟ್ಟು ಬೇಡ. ಹಸಿರು, ಹಳದಿಯ ಸ್ಯಾಚುರೇಶನ್ ಮಾತ್ರ ಬೇರೆಯಾಗಿ 20-30 ಇಳಿಸಿ. ನೆರಳಿನ ಸ್ಲೈಡರ್ ಮುಟ್ಟಬೇಡಿ. ಮರದಡಿ ಕಪ್ಪಾಗಿದ್ದರೆ ಕಪ್ಪಾಗೇ ಇರಲಿ. ಎಲ್ಲವನ್ನೂ ಕಾಣಿಸಹೊರಟರೆ ರಾತ್ರಿ ಉಳಿಯಲ್ಲ.

ಮೂರುಕಾಲು

ಫೋಕಸ್ ಬಗ್ಗೆ. ಆಟೋ ಫೋಕಸ್ ಕತ್ತಲಲ್ಲಿ ಹಿಂದೆ ಮುಂದೆ ಅಲೆದಾಡುತ್ತೆ. ಲೈವ್ ವ್ಯೂ ಹಾಕಿ 10 ಪಟ್ಟು ಹಿಗ್ಗಿಸಿ ಚಂದ್ರನ ಅಂಚಿಗೋ, ದೂರದ ಒಂದು ಬೀದಿದೀಪಕ್ಕೋ ಕೈಯಲ್ಲೇ ಫೋಕಸ್ ಮಾಡಿ. ಆಮೇಲೆ ಮ್ಯಾನುಯಲ್‌ಗೆ ಇಟ್ಟು ಉಂಗುರಕ್ಕೆ ಒಂದು ತುಂಡು ಟೇಪ್ ಅಂಟಿಸಿ. ಲೆನ್ಸಿನ ಮೇಲಿನ ಅನಂತದ ಗುರುತಿಗೆ ತಿರುಗಿಸಿ ಸುಮ್ಮನಾಗಬೇಡಿ, ಬಹಳ ಲೆನ್ಸುಗಳು ಆ ಗುರುತನ್ನೂ ದಾಟಿ ತಿರುಗುತ್ತವೆ.

ಹತ್ತಿರದ ಬದುವೂ ಹಿಂದಿನ ಬೆಟ್ಟವೂ ಎರಡೂ ಚೂಪಾಗಿ ಬೇಕಾದರೆ ಹೈಪರ್‌ಫೋಕಲ್ ದೂರಕ್ಕೆ ಹಿಡೀರಿ. ಫುಲ್ ಫ್ರೇಮ್ 24 ಎಂಎಂ ಎಫ್ 4ಕ್ಕೆ ಅದು 4.8 ಮೀಟರ್. ಕ್ರಾಪ್ 18 ಎಂಎಂ ಎಫ್ 3.5ಕ್ಕೆ 4.6 ಮೀಟರ್. ಅಷ್ಟು ದೂರದಲ್ಲಿ ಸ್ನೇಹಿತರ ಕೈಗೆ ಟಾರ್ಚ್ ಕೊಟ್ಟು ನಿಲ್ಲಿಸಿ ಅದಕ್ಕೆ ಫೋಕಸ್ ಮಾಡಿದರೆ ಅರ್ಧ ದೂರದಿಂದ, ಅಂದರೆ ಎರಡೂವರೆ ಮೀಟರಿನಿಂದ, ದಿಗಂತದವರೆಗೆ ಸಾಕಷ್ಟು ಚೂಪು. ಆದರೆ ನಕ್ಷತ್ರ ಮುಖ್ಯವಾದರೆ ನಕ್ಷತ್ರಕ್ಕೇ ಫೋಕಸ್ ಮಾಡಿ. ಹೈಪರ್‌ಫೋಕಲ್‌ನಲ್ಲಿ ನಕ್ಷತ್ರ ತುಸು ಊದಿಕೊಳ್ಳುತ್ತೆ.

ಟ್ರೈಪಾಡ್: ಗದ್ದೆ ಬದುವಿನ ಮಣ್ಣು ಹಸಿ. ಮೇಲೆ ಗಟ್ಟಿ ಅನ್ನಿಸಿದರೂ ಎರಡು ನಿಮಿಷದಲ್ಲಿ ಒಂದು ಕಾಲು ಅರ್ಧ ಇಂಚು ಇಳಿದಿರುತ್ತೆ, ನಕ್ಷತ್ರದ ಗೆರೆ ಕೊಕ್ಕೆಯಾಗಿರುತ್ತೆ. ಮೂರು ಹೆಂಚಿನ ಚೂರು, ಇಲ್ಲವೇ ಅಂಗೈ ಅಗಲದ ಮೂರು ಹಲಗೆ ಚೂರು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ನಡುಗಂಬ ಏರಿಸಬೇಡಿ. ಕ್ಯಾಮೆರಾ ಪಟ್ಟಿ ಬಿಚ್ಚಿ ಇಡಿ, ಗಾಳಿಗೆ ಅದೇ ಬಡಿಯುತ್ತೆ. ಲೆನ್ಸಿನ ಸ್ಟೆಬಿಲೈಸೇಶನ್ ಆಫ್. ಮಿರರ್ ಇರೋ ಕ್ಯಾಮೆರಾ ಆದರೆ, ಚಂದ್ರ ಬೆನ್ನ ಕಡೆ ಇದ್ದಾಗ ವ್ಯೂಫೈಂಡರ್ ಕಿಂಡಿ ಮುಚ್ಚಿ, ಒಂದು ಕರಿ ಬಟ್ಟೆ ಸಾಕು.

ಹೊಸಲೆನ್ಸು

ಒಂದೊಂದು ಉತ್ತರವೂ ಪಾಠದ ಹಾಗಿದೆ, ಥ್ಯಾಂಕ್ಸ್. ಚಂದ್ರನೂ ಫ್ರೇಮಿನಲ್ಲಿ ಇರಬೇಕು ಅಂದರೆ?

ಡಾರ್ಕ್‌ಫ್ರೇಮ್

ಒಂದೇ ಶಾಟಿನಲ್ಲಿ ಆಗಲ್ಲ. ಚಂದ್ರನ ಮೈಗೂ ಆ ಬೆಳಕು ಬಿದ್ದ ಗದ್ದೆಗೂ 16-17 ಸ್ಟಾಪ್ ವ್ಯತ್ಯಾಸ. ಗದ್ದೆಗೆ ಸರಿಯಾಗಿ ಬಿಟ್ಟರೆ ಚಂದ್ರ ಬಿಳಿ ಉಂಡೆ, ಜೊತೆಗೆ ಲೆನ್ಸಿನೊಳಗೆ ಫ್ಲೇರ್ ಚುಕ್ಕೆಗಳ ಸಾಲು. ಮೇಲಾಗಿ ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರೀತಾನೆ, 30 ಸೆಕೆಂಡಿನಲ್ಲೇ ಕಾಲುಭಾಗ ಜಾರಿ ಮೊಟ್ಟೆಯಾಗಿರ್ತಾನೆ.

ದಾರಿ ಇರೋದು ಹುಣ್ಣಿಮೆ ಸಂಜೆ ಅಥವಾ ಹಿಂದಿನ ಸಂಜೆ, ಸೂರ್ಯ ಮುಳುಗಿ 15-20 ನಿಮಿಷಕ್ಕೆ. ನೆಲದ ಮೇಲೆ ಇನ್ನೂ ಸಂಜೆ ಬೆಳಕು ಇರುತ್ತೆ, ಚಂದ್ರನೂ ದಿಗಂತದ ಹತ್ತಿರ ಮಂಕಾಗಿರ್ತಾನೆ. ಅದು ಚೆನ್ನಾಗಿರುತ್ತೆ, ಆದರೆ ಅದು ಬೆಳದಿಂಗಳ ಚಿತ್ರ ಅಲ್ಲ.

ಕೆರೆಕೋಡಿ

ಕೆರೆ ನೀರಿನಲ್ಲೂ ಅಷ್ಟೇ. ಚಂದ್ರನ ಪ್ರತಿಬಿಂಬದ ಪಟ್ಟಿ ಫ್ರೇಮಿಗೆ ಬಂದರೆ ಸುಟ್ಟುಹೋಗುತ್ತೆ. ಚಂದ್ರನನ್ನ ಅಂಚಿನಿಂದ ಸ್ವಲ್ಪ ಆಚೆ ಇಟ್ಟು, ಮಿನುಗಿನ ಅಂಚು ಮಾತ್ರ ಒಳಗೆ ಬರೋ ಹಾಗೆ ನೋಡಿ. 30 ಸೆಕೆಂಡಿಗೆ ಸಣ್ಣ ಅಲೆಯೆಲ್ಲ ಸವರಿ ನೀರು ಹಾಲುಗಾಜಿನ ಹಾಗಾಗುತ್ತೆ. ಬೆಟ್ಟದ ಪ್ರತಿಬಿಂಬ ಬೇಕಾದರೆ ಗಾಳಿ ನಿಲ್ಲೋ ಹೊತ್ತು, ಹೆಚ್ಚಾಗಿ ಬೆಳಗಿನ ಜಾವ ಮೂರರ ಮೇಲೆ.

ಜಾಗದ ಬಗ್ಗೆ: ಪಾಂಡವಪುರ ಕಡೆ ಹೋಗೋರಿಗೆ ಒಂದು ಅನುಕೂಲ ಇದೆ. ಮೈಸೂರು, ಶ್ರೀರಂಗಪಟ್ಟಣದ ದೀಪದ ಹೊಗರು ದಕ್ಷಿಣಕ್ಕೆ, ಮಂಡ್ಯದ್ದು ಪೂರ್ವಕ್ಕೆ. ಉತ್ತರ, ಪಶ್ಚಿಮ ಎರಡೂ ಸ್ವಲ್ಪ ಸ್ವಚ್ಛ. ಕುಂತಿಬೆಟ್ಟದ ಬಂಡೆ ಬೆಳದಿಂಗಳನ್ನ ಚೆನ್ನಾಗಿ ಹಿಡಿಯುತ್ತೆ, ಹಸಿರಿಗಿಂತ ಬಂಡೆ ಯಾವಾಗಲೂ ಪ್ರಕಾಶವಾಗಿ ಬರುತ್ತೆ, ಹಿಸ್ಟೋಗ್ರಾಮ್ ನೋಡುವಾಗ ಇದು ನೆನಪಿರಲಿ. ರಾತ್ರಿ ಬೆಟ್ಟ ಹತ್ತೋದು ಬೇಡ, ಬುಡದ ಗದ್ದೆಗಳಿಂದಲೇ ಬೆಟ್ಟ ಚೆಂದ. ತೊಣ್ಣೂರು ಕೆರೆಯಲ್ಲಿ ನೀರು ತಿಳಿ, ದಡದಲ್ಲಿ ಬಂಡೆ ಇರೋದರಿಂದ ಟ್ರೈಪಾಡ್ ಕುಸಿಯಲ್ಲ.

ಕೆಆರ್‌ಎಸ್ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ಬಯಲು ದೊಡ್ಡದಾಗಿ ಸಿಗುತ್ತೆ. ಆದರೆ ಒಣಗಿದಂತೆ ಕಾಣೋ ಗೋಡಿನ ಕೆಳಗೆ ಕೆಸರು ಇರುತ್ತೆ, ರಾತ್ರಿ ನೀರಂಚಿಗೆ ಹೋಗಬೇಡಿ. ಅಣೆಕಟ್ಟೆ ಕಡೆ ಕ್ಯಾಮೆರಾ ತಿರುಗಿಸೋದು, ಡ್ರೋನ್ ಹಾರಿಸೋದು ಬೇಡವೇ ಬೇಡ. ರಂಗನತಿಟ್ಟು, ಸೋಮನಾಥಪುರ ಎರಡೂ ರಾತ್ರಿ ತೆರೆದಿರಲ್ಲ, ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ನಾಲೆಏರಿ

ಗದ್ದೆಲಿ ನೀರು ಹೊಳೆಯೋ ಚಿತ್ರ ಬೇಕಾದ್ರೆ ನಾಟಿ ಆದ ಹೊಸದ್ರಲ್ಲಿ ಬರಬೇಕು. ಪೈರು ತೆಂಡೆ ಒಡೆದು ಹರಡಿಕೊಂಡ ಮೇಲೆ ನೀರು ಕಾಣಕ್ಕಿಲ್ಲ. ಮಳೆಗಾಲದ ನಾಟಿ ಜುಲೈ-ಆಗಸ್ಟಲ್ಲಿ, ಆದರೆ ಆವಾಗ ಮೋಡ. ವಿಶ್ವೇಶ್ವರಯ್ಯ ನಾಲೇಲಿ ಬೇಸಿಗೆ ಬೆಳೆಗೆ ನೀರು ಬಿಟ್ಟ ವರ್ಷ ಜನವರಿ-ಫೆಬ್ರವರಿ ನಾಟಿ ಸಿಕ್ತದೆ. ಆಕಾಶ ಶುಭ್ರ, ಗದ್ದೆ ತುಂಬಾ ನೀರು, ಗಾಳಿ ಕಮ್ಮಿ. ವರ್ಷದಲ್ಲಿ ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ ನನ್ನ ಕೇಳಿದ್ರೆ.

ಕುಯ್ಲಾದ ಮೇಲೆ ಕೂಳೆ, ಮೆದೆ ಸಿಗ್ತವೆ. ಕಬ್ಬು ಮಾತ್ರ ಕಷ್ಟ. ಎಷ್ಟೇ ಸಣ್ಣ ಗಾಳಿಗೂ ಗರಿ ಆಡ್ತದೆ, 30 ಸೆಕೆಂಡಿಗೆ ಬರೀ ಮಂಜು ಮಂಜು.

ಬಾಳೆಎಲೆ

ಕಬ್ಬು, ಬಾಳೆ, ತೆಂಗು ಇದ್ದ ಕಡೆ ಎರಡು ಎಕ್ಸ್‌ಪೋಷರ್ ತೆಗೀರಿ. ಒಂದು ಐಎಸ್‌ಒ 400ರಲ್ಲಿ 30 ಸೆಕೆಂಡ್, ಇನ್ನೊಂದು ಐಎಸ್‌ಒ 3200ರಲ್ಲಿ 4 ಸೆಕೆಂಡ್. ಗಾಳಿ ಒಂದು ಕ್ಷಣ ನಿಂತಾಗ ಎರಡನೆಯದನ್ನ ನಾಲ್ಕೈದು ಸಲ ಒತ್ತಿ. ಒಂದರಲ್ಲಾದರೂ ಗರಿ ನಿಂತಿರುತ್ತೆ. ಗರಿಯನ್ನ ಅದರಿಂದ, ಉಳಿದದ್ದನ್ನ ಮೊದಲನೆಯದರಿಂದ ತಗೊಂಡು ಮಾಸ್ಕ್ ಹಾಕಿ ಸೇರಿಸಿದರೆ ಆಯ್ತು.

ಹೊಸಲೆನ್ಸು

ಸ್ಟಾರ್ ಟ್ರೇಲ್‌ಗೆ ರಿಮೋಟ್ ಟೈಮರ್ ಹಾಕಿದೆ. 30 ಸೆಕೆಂಡ್ ಶಟರ್, ಇಂಟರ್ವಲ್ 31. ಒಂದು ಬಿಟ್ಟು ಒಂದು ಫ್ರೇಮ್ ಬರ್ತಾನೇ ಇಲ್ಲ. ಕ್ಯಾಮೆರಾ ಕೆಟ್ಟಿದೆಯಾ?

ಮೂರುಕಾಲು

ಕೆಟ್ಟಿಲ್ಲ. ಮೆನುವಿನಲ್ಲಿ 30 ಅಂತ ಬರೆದಿದ್ದರೂ ಹಲವು ಕ್ಯಾಮೆರಾಗಳಲ್ಲಿ ಶಟರ್ ನಿಜಕ್ಕೆ 32 ಸೆಕೆಂಡ್ ತೆರೆದಿರುತ್ತೆ. ಸ್ಟಾಪ್‌ಗಳು 1, 2, 4, 8, 16, 32 ಅಂತ ದುಪ್ಪಟ್ಟಾಗ್ತಾ ಹೋಗೋದು, ಕೊನೆಯದಕ್ಕೆ 30 ಅನ್ನೋ ಹೆಸರು ಅಷ್ಟೇ. 31ನೇ ಸೆಕೆಂಡಿಗೆ ರಿಮೋಟ್ ಒತ್ತುತ್ತೆ, ಕ್ಯಾಮೆರಾ ಇನ್ನೂ ಕೆಲಸದಲ್ಲಿರುತ್ತೆ, ಆ ಒತ್ತು ದಂಡ. ಇಂಟರ್ವಲ್ 34 ಇಡಿ. ಇಲ್ಲವೇ ಬಲ್ಬ್ ಮೋಡಿಗೆ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರೋ ಮೋಡ್) ಹೋಗಿ ರಿಮೋಟಿನಲ್ಲೇ 30 ಸೆಕೆಂಡ್ ಹಾಕಿ, ಇಂಟರ್ವಲ್ 32.

ಕೆಲವು ರಿಮೋಟುಗಳು ಇಂಟರ್ವಲ್ಲನ್ನ ಶುರುವಿನಿಂದ ಶುರುವಿಗೆ ಎಣಿಸುತ್ತವೆ, ಕೆಲವು ಒಂದು ಶಾಟ್ ಮುಗಿದ ಮೇಲಿನ ವಿರಾಮವನ್ನ ಎಣಿಸುತ್ತವೆ. ಎರಡನೇ ಜಾತಿಯದಾದರೆ ಬರೀ 2 ಇಟ್ಟರೆ ಸಾಕು. ಮನೆಯಲ್ಲಿ ಲೆನ್ಸ್ ಮುಚ್ಚಳ ಹಾಕಿಯೇ ಐದು ನಿಮಿಷ ಓಡಿಸಿ ನೋಡಿ, ಗೊತ್ತಾಗುತ್ತೆ.

ಡಾರ್ಕ್‌ಫ್ರೇಮ್

ಜೊತೆಗೆ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಇದೆಯಾ ನೋಡಿ. ಅದು ಆನ್ ಇದ್ದರೆ ಪ್ರತಿ ಶಾಟ್ ಆದಮೇಲೆ ಅಷ್ಟೇ ಹೊತ್ತು ಶಟರ್ ಮುಚ್ಚಿ ಇನ್ನೊಂದು ಕಪ್ಪು ಫ್ರೇಮ್ ತೆಗೆದು ಕಳೆಯುತ್ತೆ. ಟ್ರೇಲ್‌ನಲ್ಲಿ ಗೆರೆ ತುಂಡು ತುಂಡಾಗುತ್ತೆ.

ಒಂಟಿ ಶಾಟಿಗೆ, ಅದರಲ್ಲೂ 2 ನಿಮಿಷದ ಮೇಲೆ ಹೋಗೋದಾದರೆ, ಅದು ಇರಲಿ. ಸೆನ್ಸರ್ ಬಿಸಿಯಾದಷ್ಟೂ ಕೆಂಪು, ನೀಲಿ, ಬಿಳಿ ಚುಕ್ಕೆಗಳು ಜಾಸ್ತಿ. ಜನವರಿಯ ರಾತ್ರಿಗೂ ಏಪ್ರಿಲ್ ರಾತ್ರಿಗೂ ಈ ವಿಷಯದಲ್ಲಿ ಬಹಳ ವ್ಯತ್ಯಾಸ. ಟ್ರೇಲ್ ತೆಗೆಯುವಾಗ ಕೊನೆಯಲ್ಲಿ ಲೆನ್ಸ್ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸೆಕೆಂಡಿನಲ್ಲಿ ನಾಲ್ಕೈದು ಡಾರ್ಕ್ ಫ್ರೇಮ್ ತೆಗೆದಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ತೆಗೆದರೆ ಉಪಯೋಗ ಇಲ್ಲ, ಸೆನ್ಸರ್ ಬಿಸಿ ಬೇರೆ ಆಗಿರುತ್ತೆ.

ಗಂಟೆಗೆ ಸುಮಾರು 105 ಫ್ರೇಮ್, ನಕ್ಷತ್ರ 15 ಡಿಗ್ರಿ ಸರಿದಿರುತ್ತೆ. ಒಂದು ರಾ ಫೈಲು 25 ಎಂಬಿ ಅಂದುಕೊಂಡರೆ ಎರಡೂವರೆ ಜಿಬಿ ಆಸುಪಾಸು. ಸೇರಿಸೋಕೆ ಸ್ಟಾರ್‌ಸ್ಟ್ಯಾಕ್ಸ್ ಉಚಿತ. ನೆಲದ ನಾಯ್ಸ್ ಇಳಿಸಬೇಕಾದರೆ ಅದೇ ಫ್ರೇಮುಗಳಲ್ಲಿ ನಾಲ್ಕನ್ನ ಸರಾಸರಿ ಮಾಡಿ, ನಾಯ್ಸ್ ಅರ್ಧ ಆಗುತ್ತೆ. ಇನ್ನೂ ಅರ್ಧ ಮಾಡಬೇಕಾದರೆ ಎಂಟು ಸಾಲದು, ಹದಿನಾರು ಬೇಕು, ವರ್ಗಮೂಲದ ಲೆಕ್ಕ.

ಕೆರೆಕೋಡಿ

ಟ್ರೇಲ್ ತೆಗೆಯೋರಿಗೆ ಇಬ್ಬನಿಯೇ ದೊಡ್ಡ ಶತ್ರು. ನವೆಂಬರಿಂದ ಫೆಬ್ರವರಿವರೆಗೆ ನಾಲೆ ಬದಿ, ಕೆರೆ ಬದಿ ರಾತ್ರಿ ಹತ್ತರ ಮೇಲೆ ಲೆನ್ಸಿನ ಗಾಜು ಗಾಳಿಗಿಂತ ತಣ್ಣಗಾಗಿ ತೇವ ಕೂರುತ್ತೆ. ಪರದೆಯಲ್ಲಿ ಸಣ್ಣದಾಗಿ ನೋಡಿದರೆ ಗೊತ್ತಾಗಲ್ಲ, ನಕ್ಷತ್ರದ ಸುತ್ತ ಒಂದು ಮೃದು ಪ್ರಭೆ ಅಷ್ಟೇ. ಚೆನ್ನಾಗಿದೆ ಅಂತಲೂ ಅನ್ನಿಸುತ್ತೆ. ಹತ್ತು ಫ್ರೇಮ್ ದಾಟೋ ಹೊತ್ತಿಗೆ ಪೂರ್ತಿ ಮಂಜು.

ಲೆನ್ಸ್ ಹುಡ್ ಕಡ್ಡಾಯ. ಯುಎಸ್‌ಬಿ ಡ್ಯೂ ಹೀಟರ್ ಪಟ್ಟಿ ಸಿಗುತ್ತೆ, 5 ವೋಲ್ಟಿನದು, ಲೆನ್ಸಿನ ಮುಂಭಾಗದ ಸುತ್ತ ಕಟ್ಟಬೇಕು, ಫೋಕಸ್ ಉಂಗುರದ ಮೇಲಲ್ಲ. 5 ವ್ಯಾಟ್ ಪಟ್ಟಿಗೆ 10,000 ಎಂಎಎಚ್ ಪವರ್ ಬ್ಯಾಂಕ್ ಐದಾರು ಗಂಟೆ ಬರುತ್ತೆ. ಪಟ್ಟಿ ಇಲ್ಲದಿದ್ದರೆ ಕೈ ಬಿಸಿ ಮಾಡೋ ಪೊಟ್ಟಣವನ್ನ ಕಾಲುಚೀಲದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ತೇವ ಕೂತ ಮೇಲೆ ಒರೆಸೋದು ದಂಡ, ಮತ್ತೆ ಕೂರುತ್ತೆ. ಕೂರೋ ಮುಂಚೆಯೇ ಹೀಟರ್ ಹಾಕಿ.

ಕಾರಿನ ಎಸಿಯಿಂದ ನೇರ ಹೊರಗೆ ತೆಗೆದರೂ ಇದೇ ಕಥೆ. ತಲುಪೋಕೆ ಅರ್ಧ ಗಂಟೆ ಮುಂಚೆ ಎಸಿ ನಿಲ್ಲಿಸಿ ಕಿಟಕಿ ಇಳಿಸಿ.

ಹೊಗೆಗೂಡು

ಆಲೆಮನೆ ಬಗ್ಗೆ ಯಾರಾದರೂ ಪ್ರಯತ್ನ ಮಾಡಿದ್ದೀರಾ? ರಾತ್ರಿ ಒಲೆ ಉರೀತಾ ಇರುತ್ತೆ, ಮೇಲೆ ಬೆಳದಿಂಗಳು.

ಬಾಳೆಎಲೆ

ಮಂಡ್ಯದಲ್ಲಿ ಇದ್ದು ಅದನ್ನ ಬಿಟ್ಟರೆ ಹೇಗೆ! ಆದರೆ ಒಂದೇ ಎಕ್ಸ್‌ಪೋಷರಿಗೆ ಸಿಗಲ್ಲ. ಒಲೆಯ ಬಾಯಿಗೆ ಎಫ್ 4, ಐಎಸ್‌ಒ 400ರಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ ಸಾಕು, ಹೊರಗಿನ ಬಯಲಿಗೆ 30 ಬೇಕು. ಕ್ಯಾಮೆರಾ ಕದಲಿಸದೆ ಕಾಲು, ಒಂದು, ನಾಲ್ಕು, ಮೂವತ್ತು ಸೆಕೆಂಡ್, ಹೀಗೆ ನಾಲ್ಕು ತೆಗೀರಿ. ಒಲೆಗೆ ಸಿಪ್ಪೆ ತುಂಬಿದ ಕೂಡಲೇ ಉರಿ ಭುಗಿಲೆದ್ದು ಗೋಡೆಯೆಲ್ಲ ಕೆಂಪಾಗುತ್ತೆ, ಒಂದೆರಡು ನಿಮಿಷಕ್ಕೆ ಕೆಳಗಿಳಿಯುತ್ತೆ. ಇಳಿದ ಮೇಲಿನದೇ ಒಳ್ಳೇದು, ಬೆಳದಿಂಗಳಿಗೆ ಹತ್ತಿರ ಇರುತ್ತೆ. ಚಿಮಣಿ ಹೊಗೆ 30 ಸೆಕೆಂಡಿಗೆ ಉದ್ದನೆ ಸೆರಗಾಗಿ ಬರುತ್ತೆ, ಚಂದ್ರ ಎದುರು ಪಕ್ಕದಲ್ಲಿ ಇದ್ದರೆ ಅದರ ಅಂಚು ಬೆಳ್ಳಗೆ ಹೊಳೆಯುತ್ತೆ.

ವೈಟ್ ಬ್ಯಾಲೆನ್ಸ್ 4000ದಲ್ಲೇ ಬಿಡಿ, ಬೆಂಕಿ ಕಿತ್ತಳೆಯಾಗೇ ಇರಲಿ. ಬಲ್ಬೋ ಟ್ಯೂಬ್‌ಲೈಟೋ ಉರೀತಿದ್ದರೆ ಕೇಳಿ ಒಂದು ನಿಮಿಷ ಆಫ್ ಮಾಡಿಸಿ, ಆದರೆ ಕುದಿಯೋ ಕೊಪ್ಪರಿಗೆ ಮುಂದೆ ಕೆಲಸ ನಡೀತಿದ್ದರೆ ಕೇಳಲೇಬೇಡಿ. ಅಲ್ಲಿ ಕತ್ತಲು ಮಾಡೋದು ಅಪಾಯ.

ಹೊಗೆಗೂಡು

ಥ್ಯಾಂಕ್ಸ್ ಮೇಡಂ. ಹೊರಗಡೆ ಟಾರ್ಚಿಂದ ಸ್ವಲ್ಪ ಬೆಳಕು ಕೊಡಬಹುದಾ? ಎತ್ತಿನ ಗಾಡಿ ನೆರಳಲ್ಲಿ ಪೂರ್ತಿ ಕಪ್ಪಾಗುತ್ತೆ.

ಮೂರುಕಾಲು

ಕೊಡಬಹುದು, ಕ್ಯಾಮೆರಾ ಪಕ್ಕದಿಂದ ಮಾತ್ರ ಬೇಡ. ಚಂದ್ರ ಇರೋ ದಿಕ್ಕಿಗೇ ನಾಲ್ಕೈದು ಹೆಜ್ಜೆ ಹೋಗಿ ಅಲ್ಲಿಂದ ಬಿಡಿ, ನೆರಳು ಹೊಂದುತ್ತೆ. ಬೆಚ್ಚಗಿನ ಬಣ್ಣದ ಸಣ್ಣ ಎಲ್‌ಇಡಿ, ಬಾಯಿಗೆ ಎರಡು ಪದರ ಬಟರ್ ಪೇಪರ್. 30 ಸೆಕೆಂಡಿನಲ್ಲಿ 2-3 ಸೆಕೆಂಡ್ ಸವರಿದರೆ ಸಾಕು, ನಿಲ್ಲಿಸದೆ ಆಡಿಸ್ತಾ ಇರಿ. ಬೆಳಕು ಬಿದ್ದಿದೆ ಅಂತ ನೋಡಿದವರಿಗೆ ಗೊತ್ತಾದರೆ ಜಾಸ್ತಿ ಆಯ್ತು ಅಂತ ಅರ್ಥ.

ಹಕ್ಕಿ ಕೂತ ಮರಕ್ಕೆ ಯಾವ ಕಾರಣಕ್ಕೂ ಟಾರ್ಚ್ ಬಿಡಬೇಡಿ. ಕೊಕ್ಕರೆ ಬೆಳ್ಳೂರಿನಂಥ ಕಡೆ ಗೂಡಿನ ಕಾಲದಲ್ಲಿ ರಾತ್ರಿ ಬೆಳಕಿಗೆ ಬೆದರಿ ಎದ್ದರೆ ಮರಿ, ಮೊಟ್ಟೆ ಕೆಳಗೆ ಬೀಳ್ತವೆ.

ನಾಲೆಏರಿ

ಎಲ್ಲಾ ಹೇಳಿದ್ರಿ, ಊರಿನ ವಿಚಾರ ಹೇಳಲಿಲ್ಲ. ರಾತ್ರಿ ಹೊತ್ತು ಗದ್ದೆ ಬಯಲಲ್ಲಿ ಬ್ಯಾಟ್ರಿ ಬೆಳಕು ಆಡಿದ್ರೆ ಜನ ಮೊದಲು ಅಂದ್ಕೊಳೋದು ಮೋಟ್ರು, ವೈರು ಕದಿಯೋರು ಅಂತ. ಸಾಯಂಕಾಲವೇ ಹೋಗಿ ಟೀ ಅಂಗಡೀಲಿ ಕೂತು, ಯಾರ ಗದ್ದೆ ಅಂತ ಕೇಳಿ, ಯಜಮಾನರಿಗೆ ಒಂದು ಮಾತು ಹೇಳಿ ಬನ್ನಿ. ಹಗಲು ತೆಗೆದ ಒಂದೆರಡು ಫೋಟೊ ಮೊಬೈಲಲ್ಲಿ ತೋರಿಸಿ, ಅರ್ಧ ಅನುಮಾನ ಅಲ್ಲೇ ಕರಗ್ತದೆ. ರಾತ್ರಿ ಪಾಳಿ ತ್ರೀ ಫೇಸ್ ಕರೆಂಟ್ ಇದ್ದ ಕಡೆ ರೈತರು ನೀರು ಕಟ್ಟಕ್ಕೆ ಬರ್ತಾರೆ. ಅವರು ಬ್ಯಾಟ್ರಿ ಹಿಡ್ಕೊಂಡು ಫ್ರೇಮಲ್ಲಿ ನಡೆದ್ರೆ ಕೋಪ ಮಾಡ್ಕೋಬೇಡಿ, ಬದು ಮೇಲೆ ಆ ಬೆಳಕಿನ ಗೆರೆ ಒಂದೊಂದ್ಸಲ ಚಿತ್ರಕ್ಕೇ ಜೀವ ತರ್ತದೆ.

ಬದುವಿನ ಇಲಿ ಬಿಲದ ಹತ್ರ ಕೊಳಕುಮಂಡಲ ಇರ್ತವೆ, ಅವು ಓಡಾಡೋದೇ ರಾತ್ರಿ. ಗಮ್ ಬೂಟ್ ಹಾಕಿ, ಹೆಜ್ಜೆ ಇಡೋ ಮುಂಚೆ ಬೆಳಕು ಬಿಡಿ. ಕಬ್ಬಿನ ಗದ್ದೆ ಪಕ್ಕ ಒಬ್ಬರೇ ಕುಕ್ಕರಗಾಲಲ್ಲಿ ಕೂರಬೇಡಿ, ನಮ್ಮ ಕಡೆ ಚಿರತೆ ಕಬ್ಬಲ್ಲೇ ವಾಸ. ಇಬ್ಬರು ಇರಿ, ಮಾತಾಡ್ತಾ ಇರಿ. ನಾಲೆ ಏರಿ ಮೇಲೆ ತಡೆಗೋಡೆ ಇಲ್ಲದ ಕಡೆ ಗಾಡಿ ಹಿಂದಕ್ಕೆ ತೆಗೆಯೋ ಸಾಹಸ ಬೇಡ.

ಹೊಸಲೆನ್ಸು

ಮೊಬೈಲಿನಲ್ಲಿ ಇದೆಲ್ಲ ಆಗುತ್ತಾ? ತಮ್ಮ ಜೊತೆಗೆ ಬರ್ತಾನಂತೆ, ಅವನ ಹತ್ತಿರ ಕ್ಯಾಮೆರಾ ಇಲ್ಲ.

ಡಾರ್ಕ್‌ಫ್ರೇಮ್

ಹುಣ್ಣಿಮೆ ಆಸುಪಾಸಿನಲ್ಲಿ ಆಗುತ್ತೆ. ಪ್ರೊ ಮೋಡ್ ಇರಬೇಕು. ಮೊಬೈಲ್ ಲೆನ್ಸು ಎಫ್ 1.8 ಆದರೆ ಎಫ್ 4ಕ್ಕಿಂತ 2.3 ಸ್ಟಾಪ್ ಹೆಚ್ಚು ಬೆಳಕು ಬಿಡುತ್ತೆ, ಹಾಗಾಗಿ ಐಎಸ್‌ಒ 100, 30 ಸೆಕೆಂಡ್. ತ್ರಯೋದಶಿಗೆ 200. ರಾ ಆನ್ ಮಾಡಿ, ಫೋಕಸ್ ಕೈಯಲ್ಲಿ ಅನಂತಕ್ಕೆ, ಎರಡು ಸೆಕೆಂಡ್ ಟೈಮರ್. ಮೊಬೈಲ್ ಹೋಲ್ಡರ್ ಸಡಿಲ ಇರಬಾರದು, ಅದೇ ಮೊದಲು ಅಲುಗಾಡೋದು. ನೈಟ್ ಮೋಡ್ ಬೇಡ, ಅದು ನೆರಳನ್ನೆಲ್ಲ ತಾನೇ ಎತ್ತಿ ಹಗಲು ಮಾಡಿಬಿಡುತ್ತೆ. ಏಕಾದಶಿಗಿಂತ ಹಿಂದಕ್ಕೆ ಹೋದರೆ ಸಣ್ಣ ಸೆನ್ಸರ್ ಕೈ ಎತ್ತುತ್ತೆ.

ಹೊಸಲೆನ್ಸು

ಸರಿ. ಮುಂದಿನ ಶುಕ್ಲ ಏಕಾದಶಿ, ಕುಂತಿಬೆಟ್ಟದ ಬುಡ, ಉತ್ತರಕ್ಕೆ ಮುಖ. ಎಫ್ 3.5, 18 ಎಂಎಂ, ಐಎಸ್‌ಒ 1600, 20 ಸೆಕೆಂಡ್ ಅಂತ ಬರೆದುಕೊಂಡಿದ್ದೀನಿ. ಸರಿಯಾ?

ಡಾರ್ಕ್‌ಫ್ರೇಮ್

ಸರಿ ಇದೆ. ಉತ್ತರಕ್ಕೆ ಮುಖ ಆದ್ದರಿಂದ ಬೇಕಾದರೆ 25ಕ್ಕೆ ಏರಿಸಿ.

ಶುಕ್ಲಪಕ್ಷ

ಹೊತ್ತು ಮಾತ್ರ ನೋಡಿಕೊಳ್ಳಿ. ಏಕಾದಶಿ ಚಂದ್ರ ರಾತ್ರಿ ಎಂಟು, ಎಂಟೂವರೆಗೆ ಅತಿ ಎತ್ತರದಲ್ಲಿರ್ತಾನೆ, ಆಗ ನೆರಳು ಕಾಲಡಿಯಲ್ಲಿ. ಹನ್ನೊಂದೂಕಾಲರ ಮೇಲೆ ಪಶ್ಚಿಮಕ್ಕೆ ಇಳಿದು 45 ಡಿಗ್ರಿಗೆ ಬರ್ತಾನೆ, ಉತ್ತರಕ್ಕೆ ತಿರುಗಿದವರಿಗೆ ಬೆಳಕು ಎಡಗಡೆಯಿಂದ. ಹನ್ನೊಂದಕ್ಕೆ ಟ್ರೈಪಾಡ್ ನಿಲ್ಲಿಸಿದರೆ ಒಂದರವರೆಗೆ ಕೆಲಸ.

ನಾಲೆಏರಿ

ಹೆಂಚಿನ ಚೂರು ಮರೀಬೇಡಿ. ಆ ಕಡೆ ಗದ್ದೆಗೆ ನೀರು ಬಿಟ್ಟಿದ್ರೆ ಬದು ಎಲ್ಲಾ ಮೆತ್ತಗಿರ್ತದೆ.